ಉಸಿರು ಎಣಿಸುವ ಸಿಸ್ಟರ್

ನನ್ನ ಮೊಮ್ಮಗಳು ಈಗ ಆರನೇ ತರಗತಿ. ಕಳೆದ ತಿಂಗಳು ಶಾಲೆಯಲ್ಲಿ ಟೀಚರ್, "ದೊಡ್ಡವರಾದ ಮೇಲೆ ಏನಾಗುತ್ತೀರಿ?" ಎಂದು ಎಲ್ಲರನ್ನೂ ಕೇಳಿದರಂತೆ. ಇವಳು ಎದ್ದು ನಿಂತು, "ನರ್ಸ್ ಆಗ್ತೀನಿ, ನಮ್ಮಜ್ಜಿ ಥರ" ಅಂದಳಂತೆ. ಪಕ್ಕದ ಬೆಂಚಿನ ಹುಡುಗ ಸುಮ್ಮನಿರಲಿಲ್ಲ. "ಅಷ್ಟು ಚೆನ್ನಾಗಿ ಓದ್ತೀಯ, ಡಾಕ್ಟರೇ ಆಗಬಹುದಲ್ಲ? ಇಂಜೆಕ್ಷನ್ ಕೊಡೋಕೆ ಏನು ಓದಬೇಕು?" ಎಂದು ನಕ್ಕನಂತೆ.

ಮನೆಗೆ ಬಂದವಳೇ ಬ್ಯಾಗನ್ನು ಕುರ್ಚಿಯ ಮೇಲೆ ಎಸೆದು ಕೇಳಿದಳು: "ಅಜ್ಜಿ, ನೀನು ನರ್ಸ್ ಆಗೋಕೆ ಎಷ್ಟು ವರ್ಷ ಓದಿದೆ?"

ಬೆರಳು ಮಡಚಿ ಲೆಕ್ಕ ಹೇಳಿದೆ. ಮೊದಲು ಡಿಪ್ಲೊಮಾ ಮೂರು ವರ್ಷ. ಆಮೇಲೆ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಎರಡು ವರ್ಷ. ಕೊನೆಗೆ ಎಂ.ಎಸ್ಸಿ. ನರ್ಸಿಂಗ್ ಎರಡು ವರ್ಷ. ಒಟ್ಟು ಏಳು.

"ಏಳು ವರ್ಷವಾ? ಇಂಜೆಕ್ಷನ್ ಕೊಡೋಕೆ?"

"ಇಂಜೆಕ್ಷನ್ ಕೊಡೋದು ಕಲಿಯೋಕೆ ತುಂಬಾ ದಿನ ಬೇಡ ಪುಟ್ಟಿ. ಕೊಟ್ಟ ಮೇಲೆ ರೋಗಿ ಹೇಗಿದ್ದಾನೆ ಅಂತ ನೋಡೋದು ಕಲಿಯೋಕೆ ಅಷ್ಟು ವರ್ಷ ಬೇಕಾಯ್ತು" ಅಂದೆ. ಅವಳಿಗೆ ಅದು ಸರಿಯಾಗಿ ಅರ್ಥವಾಗಲಿಲ್ಲ. ಹಾಗಾಗಿ, ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಯಾರಿಗೂ ಹೆಚ್ಚು ಹೇಳದ ಒಂದು ರಾತ್ರಿಯ ಕಥೆಯನ್ನು ಅವಳಿಗೆ ಹೇಳಿದೆ. ಅದನ್ನೇ ಇಲ್ಲಿ ನಿಮಗೂ ಹೇಳುತ್ತೇನೆ.

ನಾನು ಬರೆದ '20'

1992ರ ಮಳೆಗಾಲ. ಮಲೆನಾಡಿನ ಅಂಚಿನ ಒಂದು ಊರಿನ ಆಸ್ಪತ್ರೆ. ನನಗೆ ಇಪ್ಪತ್ತನಾಲ್ಕು ವರ್ಷ, ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ರಾತ್ರಿ ಪಾಳಿಯಲ್ಲಿ ಮೂವತ್ತಕ್ಕೂ ಹೆಚ್ಚು ರೋಗಿಗಳಿಗೆ ನಾವಿಬ್ಬರೇ ಸಿಸ್ಟರ್‌ಗಳು.

ಹನ್ನೊಂದನೇ ಹಾಸಿಗೆಯಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜ ಇದ್ದರು. ಹೊಟ್ಟೆಯ ಆಪರೇಷನ್ ಆಗಿ ಮೂರನೇ ದಿನ. ಬಲು ಮಾತಿನ ಮನುಷ್ಯ. ನನ್ನನ್ನು 'ಮಗಾ' ಎಂದೇ ಕರೆಯುತ್ತಿದ್ದರು. ತಮ್ಮ ಎಮ್ಮೆ, ಗದ್ದೆ, ಮೊಮ್ಮಕ್ಕಳ ಸುದ್ದಿಯನ್ನೆಲ್ಲ ಹೇಳಿ ಮುಗಿಸಿದ್ದರು.

ಅವತ್ತು ರಾತ್ರಿ ಎರಡು ಗಂಟೆಗೆ ಹತ್ತಿರ ಹೋದಾಗ ಅವರು ನನ್ನನ್ನು ಬೇರೆ ಯಾವುದೋ ಹೆಸರಿನಿಂದ ಕರೆದರು. "ಎಮ್ಮೆ ಹಾಲು ಕರೆದಾಯ್ತಾ?" ಎಂದು ಕೇಳಿದರು. ನಿದ್ದೆಗಣ್ಣಿನ ಮಾತು ಎಂದುಕೊಂಡೆ. ಆದರೂ ಮನಸ್ಸಿಗೆ ಏನೋ ಸರಿ ಕಾಣಲಿಲ್ಲ. ನಾಡಿ ನೋಡಿದೆ, 112. ಬಿ.ಪಿ. ಮೇಲಿನದು 108. ಜ್ವರ 99.6 ಡಿಗ್ರಿ ಫ್ಯಾರನ್‌ಹೀಟ್, ಮೈ ಬೆಚ್ಚಗಿದೆ ಅನ್ನುವಷ್ಟು. ಉಸಿರಾಟದ ಜಾಗದಲ್ಲಿ '20' ಎಂದು ಬರೆದೆ.

ಇಲ್ಲಿ ಒಂದು ಸತ್ಯ ಹೇಳಬೇಕು. ಆ ಇಪ್ಪತ್ತನ್ನು ನಾನು ಎಣಿಸಿರಲಿಲ್ಲ. ಉಸಿರು ಎಣಿಸಲು ಒಂದು ನಿಮಿಷ ಪೂರ್ತಿ ಬೇಕು. ಮೂವತ್ತು ಜನ ರೋಗಿಗಳೆಂದರೆ ಅರ್ಧ ಗಂಟೆ ಅದಕ್ಕೇ ಹೋಗುತ್ತದೆ. ಹಾಗಾಗಿ ಎಲ್ಲರ ಚಾರ್ಟ್‌ನಲ್ಲೂ '20' ಎಂದು ಬರೆಯುವುದು ನಮ್ಮ ವಾರ್ಡಿನ ರೂಢಿಯಾಗಿತ್ತು. ನನ್ನ ಹಿಂದಿನವರೂ ಹಾಗೇ ಬರೆದಿದ್ದರು, ನಾನೂ ಬರೆದೆ.

ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಒಂದು ಹೆರಿಗೆ ಆಪರೇಷನ್ ಮುಗಿಸಿ ಇನ್ನೊಂದಕ್ಕೆ ಹೊರಟಿದ್ದರು.

"ಸಾರ್, ಹನ್ನೊಂದನೇ ಬೆಡ್ಡಿನ ಅಜ್ಜನಿಗೆ ಯಾಕೋ ಸರಿಯಿಲ್ಲ ಅನ್ಸುತ್ತೆ."

"ಯಾಕೋ ಅಂದ್ರೆ? ಜ್ವರ ಇದೆಯಾ?"

"ಅಷ್ಟೇನಿಲ್ಲ ಸಾರ್."

"ಬಿ.ಪಿ.?"

"ನೂರಾ ಎಂಟು ಸಾರ್."

"ಉಸಿರಾಟ?"

"ಇಪ್ಪತ್ತು ಸಾರ್."

"ಸರಿ, ಬೆಳಿಗ್ಗೆ ರೌಂಡ್ಸ್‌ನಲ್ಲಿ ನೋಡೋಣ."

ನಾನು ಕೊಟ್ಟ ಉತ್ತರಗಳನ್ನು ಕೇಳಿದ ಯಾರೇ ಆದರೂ ಹಾಗೆಯೇ ಹೇಳುತ್ತಿದ್ದರೇನೋ. ಬೆಳಗಾಗುವ ಹೊತ್ತಿಗೆ ಅಜ್ಜನ ಬಿ.ಪಿ. ಕುಸಿಯಿತು. ಹೊಟ್ಟೆಯೊಳಗಿನ ಸೋಂಕು ರಕ್ತಕ್ಕೆ ಹರಡಿತ್ತು. ದೊಡ್ಡ ಆಸ್ಪತ್ರೆಗೆ ಸಾಗಿಸಿದರು. ಮರುದಿನ ತೀರಿಕೊಂಡರು.

ವಾರ ಕಳೆದ ಮೇಲೆ ಅವರ ಹೆಂಡತಿ ಕಾಗದಪತ್ರಕ್ಕೆಂದು ಬಂದವರು ನನ್ನ ಕೈ ಹಿಡಿದು, "ರಾತ್ರಿಯೆಲ್ಲ ಎದ್ದು ನೋಡಿಕೊಂಡಿರಂತೆ, ನಿಮ್ಮ ಋಣ ದೊಡ್ಡದು ಸಿಸ್ಟರ್" ಅಂದರು. ನಾನು ಔಷಧಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಯಾರೂ ನನ್ನನ್ನು ಬೈಯಲಿಲ್ಲ, ಕೇಳಲೂ ಇಲ್ಲ. ಏನೋ ಕೆಟ್ಟದ್ದಾಗುತ್ತಿದೆ ಎಂದು ನನಗೆ ಗೊತ್ತಾಗಿತ್ತು. ಗೊತ್ತಾದದ್ದನ್ನು ಡಾಕ್ಟರಿಗೆ ತಿಳಿಯುವ ಹಾಗೆ ಹೇಳಲು ನನಗೆ ಬರಲಿಲ್ಲ.

ಮೂವತ್ತೇಳರಲ್ಲಿ ಮತ್ತೆ ಕಾಲೇಜು

ಓದಬೇಕು ಎಂಬ ಹಂಬಲ ಅಂದೇ ಹುಟ್ಟಿತು. ಸಂಸಾರದ ಜವಾಬ್ದಾರಿಯಲ್ಲಿ ತಡವಾಯಿತು. ಪೋಸ್ಟ್ ಬೇಸಿಕ್ ಮುಗಿಸಿ, 2005ರಲ್ಲಿ ಎಂ.ಎಸ್ಸಿ.ಗೆ ಸೇರಿದಾಗ ನನಗೆ ಮೂವತ್ತೇಳು. ತರಗತಿಯಲ್ಲಿ ಉಳಿದವರೆಲ್ಲ ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವರು. ನನ್ನ ಅತ್ತೆ ಮನೆ ನೋಡಿಕೊಂಡರು. "ನೀನು ಓದು, ಸಾರು ನಾನು ಮಾಡ್ತೀನಿ" ಎಂದ ಅವರ ಒಂದು ಮಾತು ಇಲ್ಲದಿದ್ದರೆ ಈ ಲೇಖನವೂ ಇರುತ್ತಿರಲಿಲ್ಲ.

ನಮ್ಮ ದೇಶದಲ್ಲಿ ನರ್ಸಿಂಗ್ ಪದವಿ ಶಿಕ್ಷಣ ಶುರುವಾದದ್ದು 1946ರಲ್ಲಿ. ದೆಹಲಿಯ ನರ್ಸಿಂಗ್ ಕಾಲೇಜು ಮತ್ತು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಅದೇ ವರ್ಷ ಬಿ.ಎಸ್ಸಿ. ತರಗತಿ ಆರಂಭಿಸಿದವು. ಮುಂದೆ ದೆಹಲಿಯ ಕಾಲೇಜಿಗೆ ದೇಶದ ಮೊದಲ ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ್ ಕೌರ್ ಅವರ ಹೆಸರಿಟ್ಟರು. 1959ರಲ್ಲಿ ಅಲ್ಲೇ ಸ್ನಾತಕೋತ್ತರ ಪದವಿಯೂ ಶುರುವಾಯಿತು. ಕರ್ನಾಟಕದಲ್ಲಿ 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ರಾಜ್ಯದ ಬಹುಪಾಲು ನರ್ಸಿಂಗ್ ಕಾಲೇಜುಗಳು ಅದರ ಅಡಿಯಲ್ಲಿ ಬಂದವು.

ಎಂ.ಎಸ್ಸಿ.ಯಲ್ಲಿ ಐದು ವಿಭಾಗಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು: ದೊಡ್ಡವರ ಕಾಯಿಲೆ ಮತ್ತು ಶಸ್ತ್ರಚಿಕಿತ್ಸೆಯ ಆರೈಕೆ, ತಾಯಂದಿರ ಆರೈಕೆ, ಮಕ್ಕಳ ಆರೈಕೆ, ಮಾನಸಿಕ ಆರೋಗ್ಯ, ಸಮುದಾಯ ಆರೋಗ್ಯ. ನಾನು ಮೊದಲನೆಯದನ್ನೇ ಆರಿಸಿಕೊಂಡೆ. ಹನ್ನೊಂದನೇ ಹಾಸಿಗೆ ಮನಸ್ಸಿನಲ್ಲಿತ್ತು. ಕಾಯಿಲೆಗಳ ಪಾಠದ ಜೊತೆಗೆ ವಾರ್ಡ್ ನಡೆಸುವುದು, ಕಿರಿಯರಿಗೆ ಕಲಿಸುವುದು, ಸಂಖ್ಯಾಶಾಸ್ತ್ರ, ಸಂಶೋಧನೆ ಎಲ್ಲವೂ ಇತ್ತು. ಲೆಕ್ಕವೆಂದರೆ ಹೆದರುತ್ತಿದ್ದ ನಾನು ಸಂಖ್ಯಾಶಾಸ್ತ್ರದ ಪುಸ್ತಕ ನೋಡಿ, "ನರ್ಸಿಗೆ ಇದೆಲ್ಲ ಯಾಕೆ?" ಎಂದು ಗೊಣಗಿದ್ದೆ.

ದೀಪದ ಜೊತೆ ಲೆಕ್ಕದ ಪುಸ್ತಕ

ಆಗ ನಮ್ಮ ಮೇಡಂ ಫ್ಲಾರೆನ್ಸ್ ನೈಟಿಂಗೇಲ್ ಅವರ ಇನ್ನೊಂದು ಮುಖ ಪರಿಚಯಿಸಿದರು. ಮಕ್ಕಳೇ, ದೀಪ ಹಿಡಿದು ಗಾಯಾಳು ಸೈನಿಕರ ನಡುವೆ ನಡೆಯುವ ಆಕೆಯ ಚಿತ್ರವನ್ನು ನೀವು ಪಾಠದ ಪುಸ್ತಕದಲ್ಲಿ ನೋಡಿರುತ್ತೀರಿ. 1854ರಲ್ಲಿ 38 ಮಂದಿ ದಾದಿಯರ ಜೊತೆ ಆಕೆ ಟರ್ಕಿಯ ಸ್ಕುಟಾರಿಯ ಸೇನಾ ಆಸ್ಪತ್ರೆಗೆ ಹೋದರು. ಅಲ್ಲಿ ಆಕೆ ಗಾಯಕ್ಕೆ ಪಟ್ಟಿ ಕಟ್ಟಿದ್ದಷ್ಟೇ ಅಲ್ಲ, ಸತ್ತವರ ಲೆಕ್ಕವನ್ನೂ ಇಟ್ಟರು. ಯಾರು ಯಾವ ತಿಂಗಳು ಯಾವ ಕಾರಣಕ್ಕೆ ಸತ್ತರು ಎಂದು ಬರೆದರು. ಗುಂಡೇಟಿನ ಗಾಯಕ್ಕಿಂತ ಕೊಳಕಿನಿಂದ ಬರುವ ರೋಗಗಳಿಗೇ ಹೆಚ್ಚು ಸೈನಿಕರು ಬಲಿಯಾಗಿದ್ದರು. ಊರಿಗೆ ಮರಳಿದ ಮೇಲೆ ಅದನ್ನು ಬಣ್ಣದ ವೃತ್ತಚಿತ್ರಗಳಾಗಿ ಬರೆದು ಬ್ರಿಟಿಷ್ ಸರ್ಕಾರದ ಮುಂದಿಟ್ಟರು. ಅಂಕಿ ಅಂಶ ಓದಲು ಬೇಸರಪಡುವ ಮಂತ್ರಿಗೂ ಚಿತ್ರ ನೋಡಿದ ಕೂಡಲೇ ವಿಷಯ ಹೊಳೆಯುತ್ತಿತ್ತು. ಬ್ರಿಟನ್ನಿನ ಸಂಖ್ಯಾಶಾಸ್ತ್ರ ಸಂಘಕ್ಕೆ ಆಯ್ಕೆಯಾದ ಮೊದಲ ಮಹಿಳೆ ಆಕೆಯೇ. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಹೆಸರಿನ ನರ್ಸಿಂಗ್ ಶಾಲೆ ತೆರೆಯಿತು. ಆಕೆ ಹುಟ್ಟಿದ ಮೇ 12ನ್ನೇ ಇಂದು ವಿಶ್ವ ದಾದಿಯರ ದಿನವಾಗಿ ಆಚರಿಸುತ್ತೇವೆ.

ಆ ಪಾಠ ಕೇಳಿದ ಮೇಲೆ ನನ್ನ ಗೊಣಗಾಟ ನಿಂತಿತು. ನನ್ನ ಪ್ರಬಂಧಕ್ಕೆ ವಿಷಯವೂ ಸಿಕ್ಕಿತು. ವಾರ್ಡಿನಲ್ಲಿ ಕುಳಿತು ರೋಗಿಗಳ ಉಸಿರನ್ನು ಒಂದು ನಿಮಿಷ ಪೂರ್ತಿ ಎಣಿಸಿದೆ. ಆಮೇಲೆ ಚಾರ್ಟ್ ನೋಡಿದೆ. ಎಣಿಸಿದ್ದೇ ಬೇರೆ, ಬರೆದದ್ದೇ ಬೇರೆ. ಪುಟ ತಿರುಗಿಸಿದರೆ 20, 20, 20. ಹದಿಮೂರು ವರ್ಷದ ಹಿಂದಿನ ನನ್ನ ಕೈಬರಹವನ್ನೇ ಮತ್ತೆ ನೋಡಿದ ಹಾಗಾಯಿತು.

ಕೂಡುವ ಲೆಕ್ಕ, ನಾಲ್ಕು ಮಾತು

ಕೆಲಸಕ್ಕೆ ಮರಳಿದ ಮೇಲೆ ನನಗೆ ತುಂಬ ನೆರವಾದ ಎರಡು ವಿಷಯಗಳನ್ನು ಹೇಳುತ್ತೇನೆ. ಎರಡೂ ಆರನೇ ತರಗತಿಯ ಮಕ್ಕಳಿಗೆ ಅರ್ಥವಾಗುವಷ್ಟು ಸುಲಭ.

ಮೊದಲನೆಯದು, ಕೂಡುವ ಲೆಕ್ಕ. ರೋಗಿಯ ಸ್ಥಿತಿ ಹದಗೆಡುವ ಮೊದಲು ದೇಹ ಸಣ್ಣ ಸಣ್ಣ ಸೂಚನೆ ಕೊಡುತ್ತದೆ. ಒಂದೊಂದನ್ನೇ ನೋಡಿದರೆ ಯಾವುದೂ ಹೆದರಿಸುವಂತಿರುವುದಿಲ್ಲ. ಹಾಗಾಗಿ ಉಸಿರಾಟ, ರಕ್ತದ ಆಮ್ಲಜನಕ, ಬಿ.ಪಿ., ನಾಡಿ, ಎಚ್ಚರ, ಜ್ವರ ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ ಕೊಟ್ಟು ಕೂಡುತ್ತಾರೆ. ಬ್ರಿಟನ್ನಿನ ವೈದ್ಯರ ಕಾಲೇಜು 2012ರಲ್ಲಿ ಇಡೀ ದೇಶಕ್ಕೆ ಒಂದೇ ಪಟ್ಟಿ ಮಾಡಿತು. 2017ರಲ್ಲಿ ಅದನ್ನು ತಿದ್ದಿ, ಹೊಸದಾಗಿ ಕಾಣಿಸಿಕೊಂಡ ಗೊಂದಲದ ಮಾತಿಗೂ ಮೂರು ಅಂಕ ಸೇರಿಸಿತು. ಇಲ್ಲಿ ಹೆಚ್ಚು ಅಂಕ ಬಂದರೆ ಒಳ್ಳೆಯದಲ್ಲ. ಒಟ್ಟು ಐದು ಬಂದರೆ ಕೂಡಲೇ ವೈದ್ಯರು ನೋಡಬೇಕು, ಏಳು ಬಂದರೆ ತುರ್ತು.

ನಾನು ಒಂದು ದಿನ 1992ರ ಆ ರಾತ್ರಿಯ ಲೆಕ್ಕ ಮಾಡಿದೆ. ನಾಡಿ 112ಕ್ಕೆ 2. ಬಿ.ಪಿ. 108ಕ್ಕೆ 1. ಜ್ವರಕ್ಕೆ ಸೊನ್ನೆ. ಎಮ್ಮೆಯ ಮಾತಿಗೆ 3. ನಾನು ಬರೆದ ಸುಳ್ಳು ಇಪ್ಪತ್ತಕ್ಕೆ ಸೊನ್ನೆ. ಒಟ್ಟು 6. ಸುಳ್ಳು ಸಂಖ್ಯೆ ಇಟ್ಟುಕೊಂಡರೂ ಆರು! ಉಸಿರನ್ನು ನಿಜವಾಗಿ ಎಣಿಸಿದ್ದರೆ ಎಷ್ಟಾಗುತ್ತಿತ್ತೋ.

ಎರಡನೆಯದು, ನಾಲ್ಕು ಮಾತು. ಅಮೆರಿಕದ ನೌಕಾಪಡೆಯ ಅಣು ಜಲಾಂತರ್ಗಾಮಿಗಳಲ್ಲಿ ಸುದ್ದಿ ಚುಟುಕಾಗಿ, ತಪ್ಪಿಲ್ಲದೆ ಮುಟ್ಟಿಸಲು ಬಳಸುತ್ತಿದ್ದ ಕ್ರಮ ಇದು. ಆಮೇಲೆ ಆಸ್ಪತ್ರೆಗಳಿಗೆ ಬಂತು. ಈಗ ಏನಾಗಿದೆ? ಹಿಂದೆ ಏನಾಗಿತ್ತು? ಇದು ಏನಿರಬಹುದು? ಈಗ ಏನು ಮಾಡಬೇಕು? ಈ ನಾಲ್ಕನ್ನು ಇದೇ ಕ್ರಮದಲ್ಲಿ ಹೇಳಬೇಕು. "ಯಾಕೋ ಸರಿಯಿಲ್ಲ ಅನ್ಸುತ್ತೆ" ಎಂಬ ಮಾತಿಗೆ ಇಲ್ಲಿ ಜಾಗವಿಲ್ಲ. ಕೊನೆಯ ಮಾತು ಬಹಳ ಮುಖ್ಯ. "ನೀವು ಹತ್ತು ನಿಮಿಷದಲ್ಲಿ ಬಂದು ನೋಡಬೇಕು ಸಾರ್" ಎಂದು ಹೇಳಲು ಧೈರ್ಯ ಬೇಕು. ಓದು ನನಗೆ ಕೊಟ್ಟದ್ದು ಆ ಧೈರ್ಯ.

ಫೋನ್ ಮಾಡಿದ್ದು ನಾನಲ್ಲ

2019ರ ಒಂದು ರಾತ್ರಿ. ನಾನು ವಾರ್ಡ್ ಮೇಲ್ವಿಚಾರಕಿ, ಮನೆಯಲ್ಲಿದ್ದೆ. ಸೊಂಟದ ಮೂಳೆ ಮುರಿದು ಆಪರೇಷನ್ ಆಗಿದ್ದ ಒಬ್ಬ ಅಜ್ಜಿಯನ್ನು ನೋಡಿಕೊಳ್ಳುತ್ತಿದ್ದವಳು, ಕೆಲಸಕ್ಕೆ ಸೇರಿ ಆರು ತಿಂಗಳಾದ ಹುಡುಗಿ. ಅಜ್ಜಿ ಯಾವತ್ತೋ ತೀರಿಹೋದ ತನ್ನ ಅಕ್ಕನನ್ನು ಕೂಗುತ್ತಿದ್ದರಂತೆ. ಜೊತೆಯಲ್ಲಿದ್ದ ಮಗ, "ವಯಸ್ಸಾಯ್ತಲ್ಲ ಸಿಸ್ಟರ್, ಹಾಗೇ" ಅಂದರಂತೆ.

ಹುಡುಗಿ ಬಿಡಲಿಲ್ಲ. ಉಸಿರು ಎಣಿಸಿದಳು, 24. ಅಂಕ ಎರಡು. ಆಮ್ಲಜನಕ 94, ಒಂದು. ನಾಡಿ 104, ಒಂದು. ಗೊಂದಲಕ್ಕೆ ಮೂರು. ಬಿ.ಪಿ.ಯೂ ಜ್ವರವೂ ಸರಿಯಾಗಿದ್ದವು. ಒಟ್ಟು ಏಳು. ಡಾಕ್ಟರಿಗೆ ಫೋನ್ ಮಾಡಿ ನಾಲ್ಕು ಮಾತು ಹೇಳಿದಳು. ಅವರು ಬಂದರು. ಎಕ್ಸ್‌ರೇಯಲ್ಲಿ ನ್ಯುಮೋನಿಯಾ ಕಾಣಿಸಿತು. ಔಷಧಿ ಅಂದೇ ರಾತ್ರಿ ಶುರುವಾಯಿತು. ಹತ್ತು ದಿನದ ಮೇಲೆ ಅಜ್ಜಿ ವಾಕರ್ ಹಿಡಿದು ಮನೆಗೆ ಹೋದರು.

ಬೆಳಿಗ್ಗೆ ಡ್ಯೂಟಿಗೆ ಹೋದಾಗ ಹುಡುಗಿ, "ಮೇಡಂ, ನಿಮಗೂ ಫೋನ್ ಮಾಡಬೇಕಿತ್ತಾ?" ಎಂದು ಅಳುಕುತ್ತಾ ಕೇಳಿದಳು. "ಬೇಕಿರಲಿಲ್ಲ ಕಣಮ್ಮ" ಅಂದೆ. ಅವತ್ತು ನನಗೆ ಆದಷ್ಟು ಸಂತೋಷ ಪದವಿ ಪ್ರಮಾಣಪತ್ರ ಪಡೆದ ದಿನವೂ ಆಗಿರಲಿಲ್ಲ. ವಾರ್ಡಿನ ನಾಯಕತ್ವ ಎಂದರೆ ಏನು ಎಂದು ಯಾರಾದರೂ ಕೇಳಿದರೆ ಈ ಘಟನೆಯನ್ನೇ ಹೇಳುತ್ತೇನೆ. ನಾನಿಲ್ಲದ ರಾತ್ರಿಯಲ್ಲೂ ರೋಗಿಯ ಉಸಿರನ್ನು ಯಾರೋ ಒಬ್ಬರು ಎಣಿಸಬೇಕು, ಹೇಳಬೇಕು.

ಓದಿದವರು ಎಲ್ಲಿ ಹೋದರು?

ಹಾಸಿಗೆಯ ಪಕ್ಕದ ಕೆಲಸಕ್ಕೇ ಉನ್ನತ ಓದು ಬೇಕು ಎಂಬ ವಿಚಾರ ಹೊಸದಲ್ಲ. ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಹಿಲ್ಡೆಗಾರ್ಡ್ ಪೆಪ್ಲಾವ್ 1950ರ ದಶಕದಲ್ಲೇ ಮಾನಸಿಕ ರೋಗಿಗಳ ಆರೈಕೆಯಲ್ಲಿ ಪರಿಣತ ನರ್ಸ್‌ಗಳಿಗಾಗಿ ಸ್ನಾತಕೋತ್ತರ ತರಗತಿ ನಡೆಸಿದರು. 1965ರಲ್ಲಿ ಕೊಲರಾಡೋದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರು ಸೇರಿ 'ನರ್ಸ್ ಪ್ರಾಕ್ಟಿಷನರ್' ತರಬೇತಿ ಆರಂಭಿಸಿದರು. ವೈದ್ಯರು ಸಿಗದ ಕಡೆ ಮಕ್ಕಳನ್ನು ಪರೀಕ್ಷಿಸಿ ಆರೈಕೆ ಮಾಡಲು ಅನುಭವಿ ನರ್ಸ್‌ಗಳನ್ನು ಸಿದ್ಧಗೊಳಿಸುವುದು ಅದರ ಉದ್ದೇಶ. ಮುಂದೆ ಅಲ್ಲಿ ವಾರ್ಡಿನ ಆರೈಕೆಯನ್ನೇ ಮುನ್ನಡೆಸುವ ನರ್ಸ್‌ಗಳಿಗೆಂದು ಪ್ರತ್ಯೇಕ ಸ್ನಾತಕೋತ್ತರ ಓದೂ ಬಂತು.

ಓದಿನಿಂದ ರೋಗಿಗೆ ಲಾಭವಿದೆಯೇ? 2014ರಲ್ಲಿ ಲಿಂಡಾ ಐಕೆನ್ ಮತ್ತು ಸಂಗಡಿಗರು ಯುರೋಪಿನ ಒಂಬತ್ತು ದೇಶಗಳ 300 ಆಸ್ಪತ್ರೆಗಳ, ಶಸ್ತ್ರಚಿಕಿತ್ಸೆಯಾದ ನಾಲ್ಕು ಲಕ್ಷಕ್ಕೂ ಹೆಚ್ಚು ರೋಗಿಗಳ ದಾಖಲೆ ನೋಡಿದರು. ಪದವೀಧರ ನರ್ಸ್‌ಗಳ ಪ್ರಮಾಣ ಶೇ 10ರಷ್ಟು ಹೆಚ್ಚಿದ್ದ ಕಡೆ, ರೋಗಿ 30 ದಿನದೊಳಗೆ ಸಾಯುವ ಸಂಭವ ಶೇ 7ರಷ್ಟು ಕಡಿಮೆ ಇತ್ತು. ಒಬ್ಬ ನರ್ಸ್ ಮೇಲೆ ಒಬ್ಬ ರೋಗಿ ಹೆಚ್ಚಾದರೆ ಆ ಸಂಭವ ಅಷ್ಟೇ ಏರುತ್ತಿತ್ತು. ಅಂದರೆ ಓದೂ ಬೇಕು, ಕೈಗಳೂ ಸಾಕಷ್ಟಿರಬೇಕು. ಮೂವತ್ತು ರೋಗಿಗೆ ಇಬ್ಬರೇ ಇದ್ದರೆ ಎಂ.ಎಸ್ಸಿ. ಓದಿದವಳೂ '20' ಎಂದು ಬರೆಯುವ ಆಸೆಗೆ ಬೀಳುತ್ತಾಳೆ.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಎಂ.ಎಸ್ಸಿ. ಮುಗಿಸಿದವರಲ್ಲಿ ಬಹಳ ಮಂದಿ ನರ್ಸಿಂಗ್ ಕಾಲೇಜುಗಳಿಗೆ ಪಾಠ ಹೇಳಲು ಹೋಗುತ್ತಾರೆ. ಅದು ತಪ್ಪಲ್ಲ, ಕಲಿಸುವವರೂ ಬೇಕು. ಆದರೆ ವಾರ್ಡಿಗೆ ಮರಳಿದವರಿಗೆ ಹೆಚ್ಚಿನ ಸಂಬಳವೂ ಇಲ್ಲ, ಬೇರೆ ಹುದ್ದೆಯೂ ಇಲ್ಲ ಎನ್ನುವುದು ನಾನು ಕಂಡ ಸ್ಥಿತಿ. ನಾನು ಹಿಂದಿರುಗಿದಾಗ, "ಇಷ್ಟೆಲ್ಲ ಓದಿ ಮತ್ತೆ ಬೆಡ್‌ಪ್ಯಾನ್ ಹಿಡಿಯೋಕೆ ಬಂದ್ಯಾ?" ಎಂದು ಕೇಳಿದವರು ಹೊರಗಿನವರಲ್ಲ, ನನ್ನ ಸಹೋದ್ಯೋಗಿಗಳೇ. ಮೊದಲ ನಾಲ್ಕು ವರ್ಷ ನನ್ನ ಸಂಬಳ ಒಂದು ರೂಪಾಯಿಯೂ ಹೆಚ್ಚಲಿಲ್ಲ.

ಗಾಳಿ ಈಚೆಗೆ ಸ್ವಲ್ಪ ಬದಲಾಗುತ್ತಿದೆ. ಭಾರತೀಯ ನರ್ಸಿಂಗ್ ಪರಿಷತ್ತು ತೀವ್ರ ನಿಗಾ ಘಟಕಗಳಿಗೆಂದೇ ಎರಡು ವರ್ಷದ ನರ್ಸ್ ಪ್ರಾಕ್ಟಿಷನರ್ ಸ್ನಾತಕೋತ್ತರ ಕೋರ್ಸ್ ರೂಪಿಸಿದೆ. ಅದರಲ್ಲಿ ತರಗತಿಗಿಂತ ಹಾಸಿಗೆಯ ಪಕ್ಕದ ಕಲಿಕೆಯೇ ಹೆಚ್ಚು. ಹೆರಿಗೆ ಆರೈಕೆಗೆ 18 ತಿಂಗಳ ವಿಶೇಷ ತರಬೇತಿಯೂ ಇದೆ. 2023ರಲ್ಲಿ ಸಂಸತ್ತು ರಾಷ್ಟ್ರೀಯ ಶುಶ್ರೂಷೆ ಮತ್ತು ಸೂಲಗಿತ್ತಿ ಆಯೋಗದ ಕಾಯ್ದೆಗೆ ಒಪ್ಪಿಗೆ ನೀಡಿತು. ಓದಿದವರಿಗೆ ವಾರ್ಡಿನಲ್ಲೇ ತಕ್ಕ ಸ್ಥಾನ ಸಿಕ್ಕಿದಾಗ ಇವೆಲ್ಲ ಸಾರ್ಥಕವಾಗುತ್ತವೆ.

ಅಜ್ಜ ಅಜ್ಜಿಯರಿಗೆ, ಮೊಮ್ಮಕ್ಕಳಿಗೆ

ನನ್ನ ವಯಸ್ಸಿನವರಿಗೆ ಎರಡು ಮಾತು. ಆಸ್ಪತ್ರೆಯಲ್ಲಿದ್ದಾಗ ಸಿಸ್ಟರ್ ಬಂದು ಮತ್ತೆ ಮತ್ತೆ "ನಿಮ್ಮ ಹೆಸರೇನು? ಇವತ್ತು ಯಾವ ವಾರ?" ಎಂದು ಕೇಳಿದರೆ ಸಿಟ್ಟಾಗಬೇಡಿ. ಅವರು ನಿಮ್ಮ ಎಚ್ಚರವನ್ನು ಅಳೆಯುತ್ತಿದ್ದಾರೆ. ಹಾಗೆಯೇ, ಮನೆಯ ಹಿರಿಯರು ಇದ್ದಕ್ಕಿದ್ದಂತೆ ತಡವರಿಸಿ ಮಾತಾಡಿದರೆ 'ವಯಸ್ಸಾಯ್ತು' ಎಂದು ಸುಮ್ಮನಾಗಬೇಡಿ. ಮುದಿ ದೇಹದಲ್ಲಿ ಸೋಂಕು ಹೆಚ್ಚಿದರೂ ಕೆಲವೊಮ್ಮೆ ಜ್ವರ ಬರುವುದಿಲ್ಲ. ಗೊಂದಲವೇ ಮೊದಲ ಸೂಚನೆಯಾಗಿರಬಹುದು. ಕೂಡಲೇ ವೈದ್ಯರಿಗೆ ತೋರಿಸಿ.

ಮಕ್ಕಳೇ, ನಿಮಗೊಂದು ಕೆಲಸ. ಗಡಿಯಾರ ಎದುರಿಟ್ಟುಕೊಂಡು ನಿಮ್ಮ ಅಜ್ಜ ಅಥವಾ ಅಜ್ಜಿ ಆರಾಮವಾಗಿ ಕುಳಿತಿರುವಾಗ ಒಂದು ನಿಮಿಷ ಅವರ ಉಸಿರು ಎಣಿಸಿ. ಎದೆ ಒಮ್ಮೆ ಏರಿ ಇಳಿದರೆ ಒಂದು. ಆರೋಗ್ಯವಂತ ದೊಡ್ಡವರಿಗೆ 12ರಿಂದ 20 ಇರುತ್ತದೆ. ಮಕ್ಕಳಿಗೆ ಇನ್ನೂ ಸ್ವಲ್ಪ ಹೆಚ್ಚು. ಒಂದು ಗುಟ್ಟು: ಎಣಿಸುತ್ತಿದ್ದೀರಿ ಎಂದು ಹೇಳಬೇಡಿ. ಹೇಳಿದರೆ ಉಸಿರಾಟದ ಲಯ ಬದಲಾಗಿಬಿಡುತ್ತದೆ. ನಾವು ಸಿಸ್ಟರ್‌ಗಳು ನಾಡಿ ಹಿಡಿದಂತೆ ಮಣಿಕಟ್ಟು ಹಿಡಿದು, ಕಣ್ಣು ಎದೆಯ ಕಡೆ ಇಟ್ಟು ಎಣಿಸುತ್ತೇವೆ.

ಈ ಗುಟ್ಟನ್ನು ನನ್ನ ಮೊಮ್ಮಗಳಿಗೂ ಹೇಳಿದ್ದೆ. ಮೊನ್ನೆ ಸಂಜೆ ನಾನು ಅವರೆಕಾಯಿ ಸುಲಿಯುತ್ತಾ ಕುಳಿತಿದ್ದಾಗ ಬಂದು, "ಅಜ್ಜಿ, ನಿನ್ನ ಬಳೆ ನೋಡ್ತೀನಿ" ಎಂದು ಮಣಿಕಟ್ಟು ಹಿಡಿದುಕೊಂಡಳು. ಬಳೆಯನ್ನು ನೋಡಲೇ ಇಲ್ಲ. ಗೋಡೆ ಗಡಿಯಾರವನ್ನೂ ನನ್ನ ಸೆರಗನ್ನೂ ನೋಡುತ್ತಾ ತುಟಿ ಅಲುಗಿಸುತ್ತಿದ್ದಳು. ನನಗೆ ಗೊತ್ತಾದರೂ ಗೊತ್ತಿಲ್ಲದವಳಂತೆ ಅವರೆಕಾಯಿ ಸುಲಿದೆ.

ಒಂದು ನಿಮಿಷ ಮುಗಿದ ಮೇಲೆ ಓಡಿಹೋಗಿ ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಆಮೇಲೆ ಇಣುಕಿ ನೋಡಿದೆ. ದಿನಾಂಕ, ಸಮಯ, ಪಕ್ಕದಲ್ಲಿ '17'.

ಎಣಿಸಿ ಬರೆದ ಹದಿನೇಳು.